ಕೊಟ್ಟಿಗೆಯ ಹಳೆಯ ನಾಟಾದಲ್ಲಿ ಕಾರು ಶೆಡ್ಡು ಕಟ್ಟಬಹುದೇ?

ಪ್ರಶ್ನೆ (ಶಿರಸಿ ತಾಲೂಕಿನ ಹಳ್ಳಿಯೊಂದರಿಂದ)

ಮಾನ್ಯರೇ, ನಮ್ಮ ಮನೆಯ ಹಿಂದಿನ ದೊಡ್ಡ ಕೊಟ್ಟಿಗೆಯನ್ನು ಕಳೆದ ಬೇಸಿಗೆಯಲ್ಲಿ ಇಳಿಸಬೇಕಾಯಿತು. ಈಗ ಉಳಿದಿರುವುದು ಎರಡೇ ಹಸುಗಳಾದ್ದರಿಂದ ಅವುಗಳಿಗೆ ಬೇರೆ ಚಿಕ್ಕ ಕೊಟ್ಟಿಗೆ ಮಾಡಿದ್ದೇವೆ. ಇಳಿಸಿದ ನಾಟಾವನ್ನು ಮಾರಲು ಮನಸ್ಸಾಗಲಿಲ್ಲ. ಅಜ್ಜನ ಕಾಲದಲ್ಲಿ ಆಚಾರಿಗಳನ್ನು ತಿಂಗಳುಗಟ್ಟಲೆ ಮನೆಯಲ್ಲೇ ಇರಿಸಿಕೊಂಡು ಕೆತ್ತಿಸಿದ ಮರಗಳು ಅವು. ಅದೇ ನಾಟಾದಿಂದ ಅಂಗಳದ ಬದಿಯಲ್ಲಿ ಕಾರಿಗೊಂದು ಶೆಡ್ಡು ಕಟ್ಟಬೇಕೆಂಬುದು ನನ್ನ ಆಸೆ. ತಂದೆಯವರಿಗೂ ಅದರಿಂದ ಸಮಾಧಾನವಾಗುತ್ತದೆ.

ಕೈಯಲ್ಲಿರುವುದು ಇಷ್ಟು: 6 ಇಂಚು ಚೌಕದ, 9 ಅಡಿ ಉದ್ದದ ಎಂಟು ಮತ್ತಿ ಕಂಬಗಳು, 14 ಅಡಿಯ ನಾಲ್ಕು ನಂದಿ ತೊಲೆಗಳು, ಇನ್ನೂ ಕೆಲವು ತುಂಡು ತೊಲೆಗಳು, ಮತ್ತು 10 ಅಡಿಗಿಂತ ಸ್ವಲ್ಪ ಉದ್ದವಿರುವ ಪಕಾಸಿಗಳು (ಮಾಡಿನ ಇಳಿಜಾರಿಗೆ ಹಾಕುವ ಮರಗಳು). ಕಂಬಗಳ ಬುಡ ಗಂಜಲ, ಸಗಣಿ ನೀರಿನಲ್ಲಿ ನಿಂತದ್ದರಿಂದ ಕೆಳಗಿನ ಒಂದು ಅಡಿಯಷ್ಟು ಮೆತ್ತಗಾಗಿದೆ. ಶೆಡ್ಡು ಒಳಗಡೆ 20 ಅಡಿ ಉದ್ದ, 12 ಅಡಿ ಅಗಲ ಇರಬೇಕೆಂದು ಲೆಕ್ಕ ಹಾಕಿದ್ದೇನೆ. ಹಿಂಬದಿಯಲ್ಲಿ ಸುಮಾರು 7 ಅಡಿ ಎತ್ತರದ ಧರೆ (ಕಡಿದ ಮಣ್ಣಿನ ಕಡಿದಾದ ದಿಬ್ಬ) ಇದೆ.

ನನ್ನ ಸಂದೇಹ ಮುಖ್ಯವಾಗಿ ಮೂರು. ಇಷ್ಟು ಹಳೆಯ ಮರ ಹೊಸ ಕಟ್ಟಡಕ್ಕೆ ಆದೀತೇ? ಕಂಬಗಳನ್ನು ನೆಲದಲ್ಲಿ ಹುಗಿದು ಕಾಂಕ್ರೀಟು ತುಂಬಬೇಕೋ, ಕಲ್ಲಿನ ಮೇಲೆ ನಿಲ್ಲಿಸಬೇಕೋ? ಮಾಡಿಗೆ ಮಂಗಳೂರು ಹಂಚು ಹೊದಿಸಬೇಕೋ, ತಗಡು ಹಾಕಬೇಕೋ? ನಮ್ಮೂರಿನ ಮೇಸ್ತ್ರಿಯವರು ಕಬ್ಬಿಣದ ಪೈಪು ನಿಲ್ಲಿಸಿ ತಗಡು ಹಾಕಿದರೆ ನಾಲ್ಕು ದಿನದಲ್ಲಿ ಮುಗಿಯುತ್ತದೆ ಎನ್ನುತ್ತಾರೆ. ಅದು ನಿಜವಿರಬಹುದು, ಆದರೂ ಮರದಲ್ಲೇ ಕಟ್ಟಬೇಕೆಂದಿದ್ದೇನೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1 (ಕುಮಟಾದಿಂದ)

ನಮ್ಮದು ಮರಗೆಲಸದ ಮನೆತನ. ನಾನು ತಂದೆಯವರ ಜೊತೆ ಹದಿನೈದನೆಯ ವಯಸ್ಸಿನಿಂದ ಈ ಕೆಲಸದಲ್ಲಿದ್ದೇನೆ. ತಮ್ಮ ಪ್ರಶ್ನೆ ಓದಿ ನಿಜವಾಗಿಯೂ ಸಂತೋಷವಾಯಿತು, ಏಕೆಂದರೆ ಇಂಥ ನಾಟಾವನ್ನು ಸೌದೆಯ ದರಕ್ಕೆ ಕೊಟ್ಟುಬಿಡುವವರೇ ಈಗ ಹೆಚ್ಚು.

ಮೊದಲು ಮರವನ್ನು ಪರೀಕ್ಷಿಸಿಕೊಳ್ಳಿ. ಪ್ರತಿ ಕಂಬವನ್ನೂ ಎರಡು ಕಟ್ಟಿಗೆಗಳ ಮೇಲೆ ಮಲಗಿಸಿ, ಸುತ್ತಿಗೆಯಿಂದ ಬುಡದಿಂದ ತುದಿಯವರೆಗೆ ಬಡಿಯುತ್ತಾ ಹೋಗಿ. ಗಟ್ಟಿ ಮರ ಕಣಕಣವೆಂದು ನುಡಿಯುತ್ತದೆ, ಒಳಗೆ ಟೊಳ್ಳಾದಲ್ಲಿ ಸದ್ದು ಮಂದವಾಗುತ್ತದೆ. ಸಂದೇಹ ಬಂದಲ್ಲಿ ಚೂಪಾದ ಉಳಿಯ ಮೂಲೆಯನ್ನು ಒತ್ತಿ ನೋಡಿ. ಚೇಗಿನ, ಎಂದರೆ ಒಳಗಿನ ಗಟ್ಟಿ ತಿರುಳಿನ, ಭಾಗದಲ್ಲಿ ಅದು ಹೆಚ್ಚು ಇಳಿಯಬಾರದು. ಹೊರಗಿನ ಬಿಳಿಯ ಭಾಗದಲ್ಲಿ ಸಣ್ಣ ತೂತುಗಳು ಕಂಡರೆ ಅಷ್ಟಕ್ಕೇ ಹೆದರಬೇಡಿ. ಕಂಬದ ಕೆಳಗೆ ಕಪ್ಪು ಬಟ್ಟೆ ಹಾಸಿ ಒಂದು ವಾರ ಬಿಟ್ಟು ನೋಡಿ. ಹೊಸದಾಗಿ ಹಿಟ್ಟು ಉದುರಿದ್ದರೆ ಹುಳ ಇನ್ನೂ ಜೀವಂತವಾಗಿದೆ ಎಂದು ಅರ್ಥ, ಇಲ್ಲದಿದ್ದರೆ ಅದು ಹಳೆಯ ಗಾಯ. ಹುಳ ಇದ್ದರೆ ಆ ಬಿಳಿಯ ಭಾಗವನ್ನು ಬಾಚಿಯಿಂದ ಕೆತ್ತಿ ತೆಗೆದು, ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣವನ್ನು ಎರಡು ಮೂರು ಸಲ ಬಳಿಯಿರಿ. ಈ ಔಷಧ ಮಳೆನೀರಿಗೆ ತೊಳೆದುಹೋಗುವ ಗುಣದ್ದಾದ್ದರಿಂದ ಮಾಡಿನ ಅಡಿಯಲ್ಲಿ ನೆನೆಯದೆ ಇರುವ ಮರಕ್ಕೆ ಮಾತ್ರ ಪ್ರಯೋಜನಕಾರಿ.

ಹಳೆಯ ಮರಕ್ಕೆ ಒಂದು ದೊಡ್ಡ ಗುಣವಿದೆ. ಅದು ಒಣಗಬೇಕಾದಷ್ಟು ಒಣಗಿ, ಸೀಳಬೇಕಾದಷ್ಟು ಸೀಳಿ, ತಿರುಚಬೇಕಾದಷ್ಟು ತಿರುಚಿ ಮುಗಿದಿರುತ್ತದೆ. ಹಸಿ ಮತ್ತಿಯನ್ನು ತಂದು ಕಟ್ಟಿದರೆ ಎರಡು ಬೇಸಿಗೆಯೊಳಗೆ ಜೋಡಣೆಗಳು ಬಾಯಿ ಬಿಡುತ್ತವೆ. ತಮ್ಮ ಮರಕ್ಕೆ ಆ ಭಯವಿಲ್ಲ. ತೊಂದರೆಯಿರುವುದು ಗಡಸುತನದಲ್ಲಿ. ಒಣಗಿದ ಮತ್ತಿಗೆ ನೇರವಾಗಿ ಮೊಳೆ ಹೊಡೆದರೆ ಮೊಳೆಯೇ ಬಾಗುತ್ತದೆ, ಇಲ್ಲವೆ ಮರ ಸೀಳುತ್ತದೆ, ಆದ್ದರಿಂದ ಎಲ್ಲ ಕಡೆಯೂ ಮೊದಲು ಡ್ರಿಲ್ಲಿನಿಂದ ತೂತು ಕೊರೆದುಕೊಳ್ಳಬೇಕು. ಗರಗಸದ ಮಿಲ್ಲಿಗೆ ಒಯ್ಯುವುದಿದ್ದರೆ ಒಳಗೆ ಮುರಿದು ಉಳಿದ ಹಳೆಯ ಮೊಳೆಗಳನ್ನು ಅಯಸ್ಕಾಂತ ಹಿಡಿದು ಹುಡುಕಿ ಕಿತ್ತುಹಾಕಿ. ಒಂದು ಮೊಳೆ ಉಳಿದರೂ ಗರಗಸದ ಹಲ್ಲು ಹೋಗುತ್ತದೆ, ಎದುರು ನಿಂತವನಿಗೂ ಅಪಾಯ. ಊರಿಂದ ಹೊರಗೆ ಸಾಗಿಸುವ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ರಹದಾರಿಯ ವಿಚಾರ ಕೇಳಿಕೊಳ್ಳುವುದು ಕ್ಷೇಮ.

ಇನ್ನು ಬುಡದ ವಿಷಯ. ದಯವಿಟ್ಟು ಹುಗಿಯಬೇಡಿ. ಮರದ ಅಡ್ಡ ಕೊಯ್ದ ತುದಿಯಲ್ಲಿ ಎಳೆಗಳ ಬಾಯಿ ತೆರೆದಿರುತ್ತದೆ, ಅದು ನೀರನ್ನು ಬತ್ತಿಯ ಹಾಗೆ ಮೇಲಕ್ಕೆ ಎಳೆಯುತ್ತದೆ. ತಮ್ಮ ಕಂಬಗಳಿಗೆ ಆಗಿರುವುದೂ ಅದೇ: ಮೇಲಿನ 8 ಅಡಿ ಇಷ್ಟು ವರ್ಷ ಗಟ್ಟಿಯಾಗಿದೆ, ಕೆಳಗಿನ ಒಂದು ಅಡಿ ಮಾತ್ರ ಹೋಗಿದೆ. ಆ ಒಂದು ಅಡಿಯನ್ನು, ಇನ್ನೂ ಎರಡಿಂಚು ಸೇರಿಸಿ, ಕೊಯ್ದುಹಾಕಿ. ಆದರೆ ಕಾರಿನ ಶೆಡ್ಡಿನಲ್ಲಿ ಒಂದು ಇಕ್ಕಟ್ಟಿದೆ. ಮನೆಗೆ ಎತ್ತರದ ಜಗುಲಿ ಕಟ್ಟಿ ಕಂಬ ನಿಲ್ಲಿಸಬಹುದು, ಕಾರಿಗೆ ನೆಲ ಅಂಗಳದ ಮಟ್ಟದಲ್ಲೇ ಇರಬೇಕು. ನಾವು ಇಂಥ ಕಡೆ ಮಾಡುವುದೆಂದರೆ, ಮೂರು ಬದಿಗೂ ಚಿರೆಕಲ್ಲಿನ 2 ಅಡಿ ಎತ್ತರದ ಗೋಡೆ ಎಬ್ಬಿಸಿ, ಕಂಬ ಬರುವಲ್ಲಿ ಒಂದೊಂದು ಕಾಂಕ್ರೀಟಿನ ದಿಂಡು ಕೂಡಿಸಿ, ಅದರ ಮೇಲೆ ಕಂಬ ನಿಲ್ಲಿಸುತ್ತೇವೆ. ಬಾಗಿಲ ಬದಿಯ ಎರಡು ಕಂಬಗಳಿಗೂ ಅಷ್ಟೇ ಎತ್ತರದ ದಿಂಡು ಬೇಕು. ಹೀಗೆ ಮಾಡಿದರೆ ಕಂಬ 7 ಅಡಿ ಉಳಿದರೂ ತೊಲೆ ನೆಲದಿಂದ 9 ಅಡಿ ಎತ್ತರಕ್ಕೆ ಬರುತ್ತದೆ. ಇರಚಲು ನೀರು ನೆಲಕ್ಕೆ ಬಿದ್ದು ಸಿಡಿಯುವುದು ಹೆಚ್ಚಾಗಿ ಒಂದು, ಒಂದೂವರೆ ಅಡಿಯವರೆಗೆ. ಅದು ಕಲ್ಲಿಗೆ ಬೀಳುತ್ತದೆ, ಮರಕ್ಕೆ ತಾಗುವುದಿಲ್ಲ.

ಕಲ್ಲಿಗೂ ಕಂಬಕ್ಕೂ ನಡುವೆ ತಾಮ್ರದ ಅಥವಾ ಅಲ್ಯೂಮಿನಿಯಂ ತಗಡೊಂದನ್ನು ಇಡಿ. ತಗಡು ಕಲ್ಲಿಗಿಂತ ಎರಡಿಂಚು ಹೊರಗೆ ಚಾಚಿ, ಅಂಚು ಕೆಳಗೆ ಬಾಗಿರಬೇಕು. ಕಲ್ಲಿನ ತೇವವನ್ನು ಅದು ತಡೆಯುತ್ತದೆ. ಒರಲೆ (ಗೆದ್ದಲು) ಬರುವುದನ್ನು ಪೂರ್ತಿ ನಿಲ್ಲಿಸಲಾರದು, ಆದರೆ ಅಂಚನ್ನು ಸುತ್ತಿಕೊಂಡು ಮಣ್ಣಿನ ಗೂಡು ಕಟ್ಟುವಂತೆ ಮಾಡುತ್ತದೆ. ಅದು ಕಣ್ಣಿಗೆ ಬೀಳುತ್ತದೆ, ಒರೆಸಿಹಾಕಬಹುದು. ಕಂಬದ ಕೊಯ್ದ ಕೆಳತುದಿಗೆ ನಮ್ಮ ಕರಾವಳಿಯಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ಪದ್ಧತಿಯಿದೆ. ಒಂದು ಸಲ ಬಳಿದು, ಹೀರಿದ ಮೇಲೆ ಮತ್ತೆ ಬಳಿದು, ಮೂರು ಸಲವಾದರೂ ಕುಡಿಸಬೇಕು. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ, ಕೈಗವಸು ಇಲ್ಲದೆ ಮುಟ್ಟಬೇಡಿ. ಗಾಡಿಯ ಹಳೆಯ ಎಂಜಿನ್ ಆಯಿಲ್ ಬಳಿಯಲು ಯಾರಾದರೂ ಹೇಳಿದರೆ ಕೇಳಬೇಡಿ: ಅದು ಮಣ್ಣನ್ನು ಕೆಡಿಸುತ್ತದೆ, ಪೆಟ್ರೋಲ್ ಗಾಡಿ ನಿಲ್ಲುವ ಜಾಗದಲ್ಲಿ ಬೆಂಕಿಗೂ ಅನುಕೂಲ ಮಾಡಿಕೊಡುತ್ತದೆ.

ಉತ್ತರ 2 (ಕಾರವಾರದಿಂದ)

ಮೇಲಿನವರು ಮರದ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು. ನಾನು ಸಿವಿಲ್ ಎಂಜಿನಿಯರನಾಗಿ ಕೆಲಸ ಮಾಡಿ ನಿವೃತ್ತನಾದವನು, ಚೌಕಟ್ಟಿನ ಬಲದ ಬಗ್ಗೆ ಮಾತ್ರ ಬರೆಯುತ್ತೇನೆ. ಕೊಟ್ಟಿಗೆಯ ನಾಟಾವನ್ನು ಧಾರಾಳವಾಗಿ ಬಳಸಿ, ಆದರೆ ಕೊಟ್ಟಿಗೆಯ ಲೆಕ್ಕವನ್ನು ಬಳಸಬೇಡಿ.

ಹಳೆಯ ಕೊಟ್ಟಿಗೆ ನಿಂತಿದ್ದುದು ತನ್ನ ಭಾರದಿಂದ ಮತ್ತು ಸುತ್ತಲಿನ ದಪ್ಪ ಮಣ್ಣಿನ ಗೋಡೆಯಿಂದ. ಕಂಬ ತೊಲೆಗಳು ಭಾರ ಹೊರುತ್ತಿದ್ದವು, ಅಲುಗಾಡದಂತೆ ಹಿಡಿಯುತ್ತಿದ್ದುದು ಗೋಡೆ. ಕಾರಿನ ಶೆಡ್ಡಿಗೆ ಮುಂಬದಿಯಲ್ಲಿ ಗೋಡೆಯೇ ಇಲ್ಲ. 12 ಅಡಿಯಷ್ಟೂ ಬಾಯಿ. ನಾಲ್ಕು ಕಡ್ಡಿಗಳನ್ನು ಚೌಕವಾಗಿ ಜೋಡಿಸಿ ಒಂದು ಮೂಲೆ ಒತ್ತಿದರೆ ಅದು ಓರೆಯಾಗುತ್ತದೆ, ಮೂಲೆಗೆ ಅಡ್ಡವಾಗಿ ಒಂದು ಕಡ್ಡಿ ಕಟ್ಟಿದರೆ ಓರೆಯಾಗುವುದಿಲ್ಲ. ಆದ್ದರಿಂದ ಕಂಬವೂ ತೊಲೆಯೂ ಕೂಡುವ ಪ್ರತಿ ಮೂಲೆಗೂ ಓರೆ ಆಸರೆ ಕೊಡಿ. ಕಂಬದ ಮೇಲೆ ಎರಡೂವರೆ ಅಡಿ, ತೊಲೆಯ ಮೇಲೆ ಎರಡೂವರೆ ಅಡಿ ಅಳೆದು 45 ಡಿಗ್ರಿಯಲ್ಲಿ, ಕನಿಷ್ಠ 4 ಇಂಚು ದಪ್ಪದ ಮರ ಹಾಕಿ. ಅದು ಕಾರಿಗೆ ಅಡ್ಡ ಬರುವುದಿಲ್ಲ, ಏಕೆಂದರೆ ಅದರ ಕೆಳತುದಿ ನೆಲದಿಂದ ಆರೂವರೆ ಅಡಿ ಮೇಲಿರುತ್ತದೆ. ಉದ್ದದ ಬದಿಗಳಲ್ಲಿ ಸಹ ಮೂಲೆಯ ಅಂಕಣಗಳಿಗೆ (ಎರಡು ಕಂಬಗಳ ನಡುವಿನ ಜಾಗಕ್ಕೆ) ಬುಡದಿಂದ ತುದಿಯವರೆಗೆ ಓರೆಪಟ್ಟಿ ಬೇಕು. ಅನೇಕರು ಕಂಬವನ್ನು ದಪ್ಪ ಮಾಡಿ ಈ ಆಸರೆಗಳನ್ನು ಬಿಟ್ಟುಬಿಡುತ್ತಾರೆ. 8 ಇಂಚಿನ ಕಂಬವಾದರೂ ಆಸರೆಯಿಲ್ಲದೆ ಓರೆಯಾಗುತ್ತದೆ, 5 ಇಂಚಿನದಾದರೂ ಆಸರೆಯಿದ್ದರೆ ನಿಲ್ಲುತ್ತದೆ.

ತಮ್ಮಲ್ಲಿ ಎಂಟು ಕಂಬ, ನಾಲ್ಕು ಉದ್ದ ತೊಲೆಗಳಿರುವುದು ಅನುಕೂಲವೇ ಆಯಿತು. ಬದಿಗೆ ನಾಲ್ಕರಂತೆ ಕಂಬ ನಿಲ್ಲಿಸಿದರೆ ಅಂತರ 6 ಅಡಿ 8 ಇಂಚು ಬರುತ್ತದೆ. ಎದುರುಬದುರಾದ ಪ್ರತಿ ಜೋಡಿಯ ಮೇಲೂ ಒಂದು 14 ಅಡಿಯ ತೊಲೆಯನ್ನು ಅಡ್ಡ ಹಾಕಿ, ಅದರ ನಡುವೆ ಕಿರುಗಂಬ ನಿಲ್ಲಿಸಿ, ಇಕ್ಕೆಲದ ಪಕಾಸಿಗಳನ್ನು ಕಿರುಗಂಬದ ತಲೆಗೆ ಕೂಡಿಸಿದರೆ ಕತ್ತರಿ ಆಗುತ್ತದೆ. ಪಕಾಸಿಗಳು ಹಂಚಿನ ಭಾರಕ್ಕೆ ಕಾಲು ಚಾಚಿ ಕಂಬಗಳನ್ನು ಹೊರಗೆ ದೂಡಲು ನೋಡುತ್ತವೆ, ಅದನ್ನು ಎಳೆದು ಹಿಡಿಯುವುದು ಈ ಅಡ್ಡ ತೊಲೆ. ಜಾಗ ಸಾಲದೆಂದು ಮುಂದೆ ಎಂದಾದರೂ ಇದನ್ನು ಕೊಯ್ದುಹಾಕಬಾರದು. 12 ಅಡಿ ಅಗಲಕ್ಕೆ 30 ಡಿಗ್ರಿ ಇಳಿಜಾರು ಕೊಟ್ಟರೆ ನೆತ್ತಿ ತೊಲೆಗಿಂತ ಮೂರೂವರೆ ಅಡಿ ಮೇಲೆ ಬರುತ್ತದೆ. ಎರಡೂವರೆ ಅಡಿಯ ಸೂರು ಸೇರಿಸಿದರೂ ಪಕಾಸಿ 10 ಅಡಿ ಸಾಕು. ನಮ್ಮ ಮಳೆಗೆ ಅಷ್ಟು ಇಳಿಜಾರು, ಅಷ್ಟು ಸೂರು ಬೇಕೇ ಬೇಕು.

ಇನ್ನು ಗಾಳಿ. ಕಟ್ಟಡಗಳ ಮೇಲೆ ಬೀಳುವ ಭಾರಗಳನ್ನು ಹೇಳುವ ಭಾರತೀಯ ಮಾನಕ 875ರ ಮೂರನೆಯ ಭಾಗವು ನಮ್ಮ ಎರಡೂ ದಿಕ್ಕಿನ ಪಣಜಿಗೂ ಮಂಗಳೂರಿಗೂ ಮೂಲ ಗಾಳಿವೇಗವನ್ನು ಸೆಕೆಂಡಿಗೆ 39 ಮೀಟರ್, ಎಂದರೆ ಗಂಟೆಗೆ ಸುಮಾರು 140 ಕಿಲೋಮೀಟರ್ ಎಂದು ಇಟ್ಟಿದೆ. ಅಂಥ ಗಾಳಿ ಪ್ರತಿ ಚದರ ಮೀಟರಿಗೆ 90 ಕಿಲೋ ತೂಕಕ್ಕೆ ಸಮನಾದ ಒತ್ತಡ ತರಬಲ್ಲದು. ಒಂದು ಚದರ ಮೀಟರಿಗೆ ಬೀಳುವ ಹಂಚು ಸುಮಾರು 15, ಒಂದೊಂದು ಎರಡೂವರೆ ಕಿಲೋ ಎಂದರೂ ಒಟ್ಟು 40 ಕಿಲೋ ಒಳಗೇ. ಮುಂದೆ ಬಾಯಿ ತೆರೆದ ಶೆಡ್ಡಿನೊಳಗೆ ನುಗ್ಗಿದ ಗಾಳಿ ಮಾಡನ್ನು ಒಳಗಿನಿಂದ ಎತ್ತುತ್ತದೆ, ಹೊರಗಿನ ಗಾಳಿ ಮೇಲಿನಿಂದ ಸೆಳೆಯುತ್ತದೆ. ಭಾರವಿದೆಯಲ್ಲ, ಎಲ್ಲಿಗೆ ಹಾರೀತು ಎಂಬ ನಂಬಿಕೆ ಇಲ್ಲಿ ಸಾಲದು. ಶಿರಸಿ ಘಟ್ಟದ ಮೇಲಿದ್ದು ಸಮುದ್ರದಿಂದ ದೂರವಾದರೂ ಬಿಗಿಯುವ ಕ್ರಮವನ್ನು ಬಿಡಬೇಡಿ: ಕಾಂಕ್ರೀಟಿನ ದಿಂಡಿನಲ್ಲಿ ಕಬ್ಬಿಣದ ಪಟ್ಟಿಗಳನ್ನು ಮೊದಲೇ ಹೂತು ಕಂಬವನ್ನು ಎರಡು 12 ಮಿಲಿಮೀಟರ್ ಬೋಲ್ಟುಗಳಿಂದ ಅದಕ್ಕೆ ಬಿಗಿಯಿರಿ, ತೊಲೆಯನ್ನು ಕಂಬಕ್ಕೆ, ಪಕಾಸಿಯನ್ನು ತೊಲೆಗೆ ಪಟ್ಟಿಯಿಂದ ಕಟ್ಟಿರಿ. ಮೇಲಿನ ಎಳೆತ ನೆಲದವರೆಗೆ ಎಲ್ಲಿಯೂ ಕಡಿಯದೆ ಇಳಿಯಬೇಕು.

ಬೋಲ್ಟುಗಳು ಬಿಸಿ ಸತುವಿನಲ್ಲಿ ಅದ್ದಿದವಾಗಿರಲಿ. ಮತ್ತಿಯಲ್ಲಿರುವ ಒಗರು ಬರಿಯ ಕಬ್ಬಿಣವನ್ನು ತೇವದಲ್ಲಿ ಬೇಗ ತಿನ್ನುತ್ತದೆ, ಸುತ್ತಲಿನ ಮರವೂ ಕಪ್ಪಾಗುತ್ತದೆ. ನಮ್ಮ ಕಾರವಾರ, ಅಂಕೋಲೆಯ ಕಡಲಂಚಿನವರಿಗಾದರೆ ಸ್ಟೇನ್‌ಲೆಸ್ ಸ್ಟೀಲ್ ಬಿಟ್ಟು ಬೇರೆ ಹೇಳುವುದಿಲ್ಲ. ಕಡಲಂಚಿನಲ್ಲಿ ಕಟ್ಟುವವರು ಕರಾವಳಿ ನಿಯಂತ್ರಣ ವಲಯದ ನಿಯಮವನ್ನೂ ವಿಚಾರಿಸಿಕೊಳ್ಳಬೇಕು. ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನ ಜಾಗ ಅದರ ವ್ಯಾಪ್ತಿಗೆ ಬರುತ್ತದೆ. ತಮಗೆ ಗ್ರಾಮ ಪಂಚಾಯತಿಯನ್ನು ಕೇಳಿಕೊಂಡರೆ ಸಾಕಾಗಬಹುದು.

ಉತ್ತರ 3 (ಸಿದ್ದಾಪುರದಿಂದ)

ನಾನು ಒಂಬತ್ತು ವರ್ಷಗಳ ಹಿಂದೆ ಇಂಥದೇ ಶೆಡ್ಡು ಕಟ್ಟಿಸಿದೆ. ಕೆಲಸಕ್ಕೆ ಬಂದಿದ್ದವರು ಕಂಬಗಳನ್ನು ಗುಂಡಿಯಲ್ಲಿಟ್ಟು ಸುತ್ತ ಕಾಂಕ್ರೀಟು ಸುರಿದರೆ ಕಲ್ಲಿನ ಹಾಗೆ ನಿಲ್ಲುತ್ತದೆ ಎಂದರು, ನಾನೂ ಒಪ್ಪಿದೆ. ಕಾಂಕ್ರೀಟಿಗೂ ಮರಕ್ಕೂ ನಡುವೆ ಕೂದಲೆಳೆಯಷ್ಟು ಸಂದಿ ಬಿಟ್ಟುಕೊಂಡು, ಕಂಬದ ಮೈಯಲ್ಲಿ ಇಳಿದ ನೀರು ಆ ಬಟ್ಟಲಿನಲ್ಲಿ ನಿಂತು, ಆರನೆಯ ಮಳೆಗಾಲ ಮುಗಿಯುವಾಗ ಮೂರು ಕಂಬಗಳ ಬುಡ ಕೈಯಿಂದ ಕೆದಕಿ ತೆಗೆಯುವಂತಾಗಿತ್ತು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಮಾಡನ್ನು ಜಾಕಿನ ಮೇಲೆ ನಿಲ್ಲಿಸಿ, ಕಂಬಗಳನ್ನು ಮೊಟಕು ಮಾಡಿ ದಿಂಡಿನ ಮೇಲೆ ಕೂರಿಸಲು ಮೊದಲು ಕಟ್ಟಿದ್ದಕ್ಕಿಂತ ಹೆಚ್ಚು ಶ್ರಮವಾಯಿತು. ಆದ್ದರಿಂದ ಕುಮಟಾದವರ ಮಾತನ್ನು ಅಕ್ಷರಶಃ ಪಾಲಿಸಿ ಎಂದು ಕೇಳಿಕೊಳ್ಳುತ್ತೇನೆ.

ಹಂಚೋ ತಗಡೋ ಎಂಬುದಕ್ಕೆ ನನ್ನ ಅಭಿಪ್ರಾಯ ಹಂಚೇ. ತಮ್ಮ ಅಳತೆಗೆ ಮುಂದೆ ಹಿಂದೆ ಎರಡೆರಡು ಅಡಿ ಚಾಚಿದ ಮಾಡೆಂದರೆ ಸುಮಾರು 470 ಚದರ ಅಡಿ. 650ರಿಂದ 700 ಹಂಚು ಬೇಕಾಗುತ್ತದೆ, ಕೊಟ್ಟಿಗೆಯ ಹಂಚುಗಳಲ್ಲಿ ಒಳ್ಳೆಯವನ್ನು ಆರಿಸಿದರೆ ಅರ್ಧ ಖರ್ಚು ಉಳಿದೀತು. ನೆನೆದ ಮರವೂ ಒದ್ದೆ ಕಾರೂ ಹಂಚಿನ ಸಂದಿಯ ಗಾಳಿಯಿಂದ ಒಣಗುತ್ತವೆ. ತಗಡಿನ ಅಡಿಯಲ್ಲಿ ಚಳಿಗಾಲದ ಬೆಳಗ್ಗೆ ಬೆವರಿನಂತೆ ಹನಿಗಟ್ಟಿ ಮರದ ಮೇಲೆ ತೊಟ್ಟಿಕ್ಕುವುದನ್ನು ನೆರೆಮನೆಯಲ್ಲಿ ನೋಡಿದ್ದೇನೆ. ಆದರೆ ತಮ್ಮೂರಿನಲ್ಲಿ ಮಂಗಗಳ ಹಾವಳಿ ಹೇಗಿದೆ ಎಂಬುದನ್ನು ನೋಡಿಯೇ ನಿರ್ಧರಿಸಿ. ನಮ್ಮ ಕಡೆ ಎಷ್ಟೋ ಮನೆಗಳವರು ಹಂಚು ತೆಗೆದು ತಗಡು ಹಾಕಿದ್ದು ಮಂಗಗಳಿಂದಲೇ. ಮೇಲೆ ಚಾಚಿಕೊಂಡ ಹಲಸು, ಮಾವಿನ ಕೊಂಬೆಗಳಿದ್ದರೆ ಮೊದಲು ಕಡಿಸಿ.

ಧರೆಯ ವಿಷಯವನ್ನು ಯಾರೂ ಹೇಳಿಲ್ಲ, ನನಗೆ ಅದೇ ಹೆಚ್ಚು ಚಿಂತೆಯಾಗಿ ಕಾಣುತ್ತಿದೆ. ಜಾಗ ಸಾಲದೆಂದು ಧರೆಯನ್ನು ಇನ್ನಷ್ಟು ಕಡಿಯಬೇಡಿ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ನಮ್ಮ ಜಿಲ್ಲೆಯವರು ಯಾರೂ ಮರೆತಿಲ್ಲ. ಅದು ಬಹಳ ದೊಡ್ಡ ಗುಡ್ಡ ನಿಜ, ಆದರೆ ಕಡಿದ ಮಣ್ಣು ನೀರು ಕುಡಿದು ಜಾರುವ ರೀತಿ 7 ಅಡಿಯ ಧರೆಗೂ ಅದೇ. ಧರೆಯ ಬುಡದಿಂದ 5 ಅಡಿಯನ್ನಾದರೂ ಬಿಟ್ಟು ಗೋಡೆ ಎಬ್ಬಿಸಿ, ಧರೆಯ ನೆತ್ತಿಯಲ್ಲಿ ಒಂದು, ಬುಡದಲ್ಲಿ ಒಂದು ಕಾಲುವೆ ತೋಡಿ, ಎರಡರ ನೀರನ್ನೂ ಶೆಡ್ಡಿನ ಬದಿಯಿಂದ ತೋಟದ ಕಡೆಗೆ ತಿರುಗಿಸಿ. ಶೆಡ್ಡಿನೊಳಗಿನ ನೆಲಕ್ಕೆ ಹಿಂದಿನಿಂದ ಬಾಗಿಲಿಗೆ ನಾಲ್ಕಿಂಚಿನ ಇಳಿಜಾರು ಇದ್ದರೆ ಕಾರಿನಿಂದ ಇಳಿದ ಮಳೆನೀರು ಒಳಗೆ ನಿಲ್ಲುವುದಿಲ್ಲ.

ಮತ್ತೆ ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಮೂರು ದಿನ ಕುಳಿತು ಕಂಬಗಳನ್ನು ಬಡಿದು ನೋಡಿದೆವು. ಏಳು ಗಟ್ಟಿಯಾಗಿವೆ, ಒಂದು ನಡುವಿನಲ್ಲಿ ಟೊಳ್ಳು; ಅದರ ಬದಲಿಗೆ ಮನೆಯ ಹಲಸಿನ ಮರದ ಕಂಬ ಒಣಗಿದ್ದು ಇದೆ. ನಮ್ಮಲ್ಲಿ ಮಂಗಗಳು ಬರುತ್ತವೆ, ಆದರೆ ಅಂಗಳದ ಆ ಬದಿಗೆ ಮರಗಳಿಲ್ಲದ ಕಾರಣ ಹಂಚನ್ನೇ ಹೊದಿಸುತ್ತೇವೆ. ಶೆಡ್ಡನ್ನು ಧರೆಯಿಂದ 6 ಅಡಿ ಮುಂದಕ್ಕೆ ತಂದಿದ್ದೇನೆ.

ಒಂದೇ ಸಂದೇಹ ಉಳಿದಿದೆ. ತೊಲೆಗಳಲ್ಲಿಯೂ ಕಂಬಗಳಲ್ಲಿಯೂ ಹಿಂದಿನ ಜೋಡಣೆಯ ಕುಳಿಗಳು, ಗೋದಲಿಯ ಅಡ್ಡಮರ ಸಿಕ್ಕಿಸಿದ ತೂತುಗಳು ಹಲವಿವೆ. ಒಂದು ತೊಲೆಗೆ ಸರಿಯಾಗಿ ನಡುವಿನಲ್ಲೇ ಎರಡಿಂಚು ಆಳದ ಕುಳಿಯಿದೆ. ಅವುಗಳಿಂದ ಬಲ ಕುಂದುವುದಿಲ್ಲವೇ? ಕೆಲಸ ಯಾವಾಗ ಆರಂಭಿಸಿದರೆ ಒಳ್ಳೆಯದು?

ಉತ್ತರ 1ರವರು ಮತ್ತೆ (ಕುಮಟಾದಿಂದ)

ಕಂಬದ ಕುಳಿಗಳಿಗೆ ಹೆಚ್ಚು ಚಿಂತೆ ಬೇಡ. ಕಂಬ ಹೊರುವುದು ನೇರ ಭಾರವನ್ನು, ಆದ್ದರಿಂದ ಅದೇ ಜಾತಿಯ ಒಣ ಮರದ ತುಂಡನ್ನು ಎಳೆಗಳು ಉದ್ದಕ್ಕೇ ಬರುವಂತೆ ಬಿಗಿಯಾಗಿ ಕೂರಿಸಿ ಅಂಟು ಹಾಕಿದರೆ ಸಾಕು. ಹೊರಬದಿಗೆ ಕುಳಿ ಬರುವಂತೆ ಮಾತ್ರ ನಿಲ್ಲಿಸಬೇಡಿ, ಅಂಟು ಬಿಟ್ಟ ದಿನ ಅದರಲ್ಲಿ ನೀರು ನಿಲ್ಲುತ್ತದೆ.

ತೊಲೆಯ ವಿಷಯ ಬೇರೆ. ತೊಲೆ ಭಾರಕ್ಕೆ ಬಾಗಿದಾಗ ಅದರ ಕೆಳಮೈ ಹಿಗ್ಗುತ್ತದೆ, ಮೇಲ್ಮೈ ಕುಗ್ಗುತ್ತದೆ. ಕುಳಿ ಕೆಳಮೈಯ ನಡುವೆ ಬಂದರೆ ಸೀಳು ಅಲ್ಲಿಂದಲೇ ಹೊರಡುತ್ತದೆ. ಅದೇ ತೊಲೆಯನ್ನು ಮಗುಚಿ ಕುಳಿ ಮೇಲಕ್ಕೆ ಬರುವಂತೆ ಹಾಕಿ, ಗಟ್ಟಿ ಮರದ ಬೆಣೆಯನ್ನು ಇಕ್ಕಟ್ಟಾಗಿ ಹೊಡೆದು ತುಂಬಿದರೆ ತೊಂದರೆ ಬಹಳ ಕಡಿಮೆಯಾಗುತ್ತದೆ. ಆದರೂ ನಡುವಿನಲ್ಲಿ ಕುಳಿಯಿರುವ ಆ ಒಂದು ತೊಲೆಯನ್ನು ಹಿಂಬದಿಯ ಕೊನೆಯ ಕತ್ತರಿಗೆ ಇಟ್ಟುಕೊಳ್ಳಿ. ಕೊನೆಯ ಕತ್ತರಿ ಹೊರುವ ಮಾಡು ನಡುವಿನವುಗಳಿಗಿಂತ ಕಡಿಮೆ, ಅಲ್ಲಿ ಅಡಿಯಲ್ಲಿ ಗೋಡೆಯಿರುವುದರಿಂದ ಬೇಕಾದರೆ ಒಂದು ಕಂಬದ ಆಸರೆಯನ್ನೂ ಕೊಡಬಹುದು. ಬಾಗಿಲ ಬದಿಗೆ ಎಲ್ಲಕ್ಕಿಂತ ಒಳ್ಳೆಯ ತೊಲೆ ಇರಲಿ.

ಕಾಲದ ಬಗ್ಗೆ ಹೇಳುವುದಾದರೆ, ಅಡಿಕೆ ಕೊಯ್ಲಿನ ದಿನಗಳಲ್ಲಿ ಆಳುಗಳು ಸಿಗುವುದು ಕಷ್ಟ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಜಾತ್ರೆಯ ವರ್ಷವಾದರೆ ಇನ್ನೂ ಕಷ್ಟ. ಕಲ್ಲಿನ ಗೋಡೆ, ದಿಂಡುಗಳನ್ನು ಜನವರಿಯಲ್ಲೇ ಮುಗಿಸಿ ನೀರು ಕುಡಿಸಿ. ಅಷ್ಟರೊಳಗೆ ಆಚಾರಿಗಳು ಅಂಗಳದಲ್ಲಿ ಕತ್ತರಿಗಳನ್ನು ಮಲಗಿಸಿಯೇ ಜೋಡಿಸಿ, ಗುರುತು ಹಾಕಿ, ಮತ್ತೆ ಬಿಚ್ಚಿಡಲಿ. ನಾಲ್ಕನ್ನೂ ಒಂದರ ಮೇಲೊಂದು ಇಟ್ಟು ಒಂದೇ ಅಚ್ಚಿನಲ್ಲಿ ಮಾಡಿದರೆ ಮಾಡಿನ ಮೈ ಏರುಪೇರಾಗುವುದಿಲ್ಲ. ನಿಲ್ಲಿಸುವ ಕೆಲಸಕ್ಕೆ ಎಂಟು ಜನ, ಎರಡು ದಿನ ಸಾಕು. ನಿಲ್ಲಿಸಿದ ದಿನವೇ ಓರೆ ಆಸರೆಗಳನ್ನು ಕಟ್ಟಿಬಿಡಿ, ಮರುದಿನಕ್ಕೆ ಇಡಬೇಡಿ. ಏಪ್ರಿಲ್ ತಿಂಗಳ ಸಂಜೆಯ ಗುಡುಗು ಮಳೆಯ ಗಾಳಿ ಎಲ್ಲಿಂದ ಬರುತ್ತದೆಂದು ಹೇಳಲಾಗದು. ಮೃಗಶಿರ ಮಳೆ ಹಿಡಿಯುವ ಮೂರು ವಾರ ಮೊದಲಾದರೂ ಹಂಚು ಹೊದಿಸಿ ಮುಗಿದಿದ್ದರೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿದು ನೋಡಲು ಸಮಯ ಸಿಗುತ್ತದೆ.

ಬಾಗಿಲನ್ನು ಮೊದಲ ಮಳೆಗಾಲ ಕಳೆದ ಮೇಲೆ ಮಾಡಿಸಿ. ಹಂಚಿನ ಭಾರಕ್ಕೆ ಚೌಕಟ್ಟು ಕೂರಬೇಕಾದಷ್ಟು ಕೂತ ನಂತರ ಅಳತೆ ತೆಗೆದರೆ ಬಾಗಿಲು ಉಜ್ಜುವುದಿಲ್ಲ. ಅಲ್ಲಿಯವರೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿಕೊಳ್ಳಿ.